ಇಟಲಿಯಲ್ಲಿ ಬಾಡಿಗೆ ಸಾರಥ್ಯ

ಇಟಲಿಯಲ್ಲಿ ಬಾಡಿಗೆ ಕಾರು ಓಡಿಸಬೇಕೆಂಬ ಕನ್ನಡಿಗನ ಯಾತ್ರೆಯು ತನ್ನ ಊರಿನ ಆರ್‌ಟಿಒ ಕಚೇರಿಯ ಸಾಲಿನಲ್ಲಿ ಆರಂಭವಾಗುತ್ತದೆ. 1949ರ ಜಿನೀವಾ ಒಪ್ಪಂದದ ಮಾದರಿಯಲ್ಲಿ ಅಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಊರಿನ ಲೈಸೆನ್ಸಿನಲ್ಲಿರುವುದನ್ನೇ ಹಲವು ಭಾಷೆಗಳಲ್ಲಿ ಹೇಳುವ ಕಿರುಪುಸ್ತಕ, ಹೆಚ್ಚೆಂದರೆ ಒಂದು ವರ್ಷ ಊರ್ಜಿತದಲ್ಲಿರುತ್ತದೆ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಮಾತ್ರ ಅದು ವರನಿಲ್ಲದ ದಿಬ್ಬಣ.

ಬಲಗಡೆ ಸಾಗುವ ದೇಶದಲ್ಲಿ ಸ್ಟಿಯರಿಂಗ್ ಎಡಕ್ಕಿರುತ್ತದೆ ಎಂಬುದನ್ನು ಬುದ್ಧಿಯು ವಿಮಾನದಲ್ಲಿಯೇ ಒಪ್ಪಿಕೊಂಡಿರುತ್ತದೆಯಾದರೂ ಕೈಗಳು ಅಷ್ಟು ಬೇಗ ಒಪ್ಪುವುದಿಲ್ಲ. ಗೇರಿಗೆಂದು ಚಾಚಿದ ಎಡಗೈ ಬಾಗಿಲಿಗೆ ಬಡಿಯುತ್ತದೆ. ಭಾರತದ ಬಹುಪಾಲು ಕಾರುಗಳಲ್ಲಿ ಬಲಕ್ಕಿರುವ ಇಂಡಿಕೇಟರ್ ಕಡ್ಡಿ ಅಲ್ಲಿ ಎಡಕ್ಕಿರುವುದರಿಂದ, ತಿರುವಿನಲ್ಲಿ ದೀಪ ಮಿನುಗುವ ಬದಲು ವೈಪರ್ ಎದ್ದು ಒಣಗಾಜನ್ನು ಉಜ್ಜತೊಡಗುತ್ತದೆ. ಟಸ್ಕನಿಯ ಸುಡುಬಿಸಿಲಿನಲ್ಲಿ ವೈಪರ್ ಆಡಿಸುತ್ತ ಪಕ್ಕಕ್ಕೆ ಹೊರಳುವ ಕಾರಿನೊಳಗೆ ಭಾರತೀಯನೋ ಜಪಾನೀಯನೋ ಇದ್ದಾನೆಂದು ಧಾರಾಳವಾಗಿ ಊಹಿಸಬಹುದು. ಇಂಗ್ಲಿಷರಿಗೆ ಈ ಕೀರ್ತಿ ಸಲ್ಲದು, ಏಕೆಂದರೆ ಅವರದು ಎಡಬದಿಯ ಚಾಲನೆಯಾದರೂ ಇಂಡಿಕೇಟರ್ ಮಾತ್ರ ಯೂರೋಪಿನವರಂತೆ ಎಡಗೈಗೇ ಒಪ್ಪಿಸಲ್ಪಟ್ಟಿದೆ. ನಗುವಿನಾಚೆಯ ಅಪಾಯವಿರುವುದು ದಟ್ಟಣೆಯಲ್ಲಲ್ಲ, ಅಲ್ಲಿ ಮುಂದಿನವರ ಬಾಲ ಹಿಡಿದು ಹೋದರಾಯಿತು. ಬೆಳಗಿನ ಹೊತ್ತು ಪೆಟ್ರೋಲ್ ಬಂಕಿನಿಂದ ನಿರ್ಜನ ರಸ್ತೆಗಿಳಿಯುವಾಗ, ನೋಡಿ ಕಲಿಯಲು ಯಾರೂ ಇಲ್ಲದೆ, ಹಳೆಯ ಅಭ್ಯಾಸವು ಸದ್ದಿಲ್ಲದೆ ಕಾರನ್ನು ಎಡಕ್ಕೆಳೆಯುತ್ತದೆ.

ಇಟಲಿಯ ರಸ್ತೆ ಸಂಹಿತೆಯ ಪ್ರಕಾರ ಊರೊಳಗೆ ನಿಜವಾದ ಅಪಾಯವಿದ್ದಾಗಲಷ್ಟೇ ಹಾರ್ನ್ ಮಾಡಬಹುದು. ಲಾರಿಯ ಬೆನ್ನ ಮೇಲಿನ ‘ಸೌಂಡ್ ಹಾರ್ನ್’ ಎಂಬ ಆಹ್ವಾನವನ್ನು ಓದುತ್ತ ಬೆಳೆದವರಿಗೆ ಇದು ವಾಕ್‌ಸ್ವಾತಂತ್ರ್ಯದ ಹರಣವೇ ಸರಿ. ನೇಪಲ್ಸ್ ನಗರದವರು ಆ ವಿಧಿಯನ್ನು ಓದಿದಂತೆ ತೋರುವುದಿಲ್ಲ ಎಂಬುದು ಬೇರೆ ಮಾತು. ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110. ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯ. 150 ಸೆಂಟಿಮೀಟರಿಗಿಂತ ಗಿಡ್ಡವಿರುವ ಮಕ್ಕಳಿಗೆ ಪ್ರತ್ಯೇಕ ಆಸನ ಬೇಕೇ ಹೊರತು ಅಜ್ಜಿಯ ಮಡಿಲು ಸಾಲದು.

ಇವೆಲ್ಲಕ್ಕಿಂತ ಗಹನವಾದ ಅಧ್ಯಯನವನ್ನು ಬೇಡುವುದು ‘ಝೋನಾ ಎ ಟ್ರಾಫಿಕೋ ಲಿಮಿತಾತೋ’, ಅಂದರೆ ಅನುಮತಿಯುಳ್ಳ ವಾಹನಗಳಷ್ಟೇ ಹೋಗಬಹುದಾದ ಹಳೆಯ ಪಟ್ಟಣದ ವಲಯ. ಫ್ಲಾರೆನ್ಸ್, ಪೀಸಾ, ಸಿಯೆನಾ, ಬೊಲೋನ್ಯಾ ಮುಂತಾದೆಡೆ ಇರುವ ಈ ವಲಯಗಳ ಬಾಯಲ್ಲಿ ಸಾಮಾನ್ಯವಾಗಿ ಕಂಡುಬರುವುದು ಕೆಂಪು ಬಳೆಯ ಬಿಳಿ ಫಲಕ ಮತ್ತು ನಂಬರ್ ಪ್ಲೇಟ್ ಓದುವ ಕ್ಯಾಮೆರಾ. ಸರಪಳಿಯನ್ನೋ ಕಾವಲುಗಾರನನ್ನೋ ಹುಡುಕಿ ಪ್ರಯೋಜನವಿಲ್ಲ. ಮೊಬೈಲಿನ ನಕ್ಷೆ ಹತ್ತಿರದ ದಾರಿಯೆಂದು ಒಳಕ್ಕೆ ಕರೆದೊಯ್ದರೆ ಅದು ಒಂದು ಅಪರಾಧ; ದಾರಿ ತಪ್ಪಿದ್ದು ತಿಳಿದು ಸುತ್ತಿ ಮತ್ತೆ ಅದೇ ಬಾಗಿಲಿಗೆ ಬಂದರೆ, ಅದು ಇನ್ನೊಂದಾಗಬಹುದು. ‘ಊರಿಗೆ ಹೊಸಬರು ಸಾರ್, ಗೊತ್ತಾಗಲಿಲ್ಲ’ ಎಂಬ, ನಮ್ಮ ಸರ್ಕಲ್‌ಗಳಲ್ಲಿ ಪಳಗಿದ ವಾಕ್ಯವನ್ನು ಕೇಳಿಸಿಕೊಳ್ಳಲು ಕ್ಯಾಮೆರಾಕ್ಕೆ ಕಿವಿಯಿಲ್ಲ. ಬೆಂಗಳೂರಿನಲ್ಲೂ ಕ್ಯಾಮೆರಾಗಳು ದಂಡ ಬರೆಯುತ್ತವೆಯಾದರೂ, ಕಟ್ಟದೆ ಕಾದವರಿಗೆ 2023ರಲ್ಲಿ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು; ಇಟಲಿಯಲ್ಲಿ ದಂಡದ ಓಲೆ ತಲುಪಿದ ಐದು ದಿನದೊಳಗೆ ಕಟ್ಟಿದವರಿಗೆ ಶೇಕಡಾ 30ರ ರಿಯಾಯಿತಿ, ಅಂದರೆ ತಾಳ್ಮೆಗೆ ಅಲ್ಲಿ ಬೆಲೆಯಿಲ್ಲ. ವಲಯದೊಳಗೇ ತಂಗುವವರು ಹೋಟೆಲಿನವರ ಮೂಲಕ ಕಾರಿನ ಸಂಖ್ಯೆಯನ್ನು ಮೊದಲೇ ನೋಂದಾಯಿಸಿಕೊಳ್ಳಬೇಕು. ಫ್ಲಾರೆನ್ಸಿಗೆ ಹೋಗುವವರು ಹೆದ್ದಾರಿಯ ಪಕ್ಕದ ವಿಲ್ಲಾ ಕೊಸ್ತಾಂಝಾ ನಿಲುಗಡೆಯಲ್ಲಿ ಕಾರು ಬಿಟ್ಟು ಟ್ರಾಮ್ ಹತ್ತುವುದು ಇನ್ನೂ ಲೇಸು.

ವಿದೇಶವಾಸಿಗಳಿಗೆ ಓಲೆ ಕಳುಹಿಸಲು ಅಲ್ಲಿನ ಕಾನೂನು 360 ದಿನಗಳ ಅವಕಾಶ ಕೊಟ್ಟಿರುವುದರಿಂದ, ಪ್ರವಾಸದ ಫೋಟೊಗಳನ್ನು ನೆಂಟರಿಗೆಲ್ಲ ತೋರಿಸಿ ಮುಗಿದ ಮೇಲೆಯೂ ಕ್ರೆಡಿಟ್ ಕಾರ್ಡಿನಿಂದ ಬಾಡಿಗೆ ಕಂಪನಿ ಒಂದಿಷ್ಟು ಯೂರೋ ಕಡಿದುಕೊಳ್ಳಬಹುದು. ಅಲ್ಲಿಗೆ ದಂಡ ತೀರಿತೆಂದು ನಿಟ್ಟುಸಿರು ಬಿಡುವವರುಂಟು. ಆದರೆ ಆ ಯೂರೋಗಳು ಚಾಲಕನ ಹೆಸರು, ವಿಳಾಸವನ್ನು ಪೊಲೀಸರಿಗೆ ತಿಳಿಸಿಕೊಟ್ಟದ್ದಕ್ಕೆ ಕಂಪನಿ ಪಡೆಯುವ ಕೂಲಿ. ದಂಡದ ಓಲೆ ಬೇರೆಯೇ ಬರುತ್ತದೆ.