ನಾಯಿ ಬೊಗಳಿದರೆ ಇಂಗ್ಲಿಷ್ ಬರುತ್ತೆ

ವಿಡಿಯೊ ನೋಡಿ ಯಾರು ಏನು ಕಲಿತಾರ್ರೀ ಅಂತ ಮೂಗು ಮುರಿಯುವವರು ಒಮ್ಮೆ ನಮ್ಮ ದಾವಣಗೆರೆ ಜಿಲ್ಲೆಯ ನ್ಯಾಮತಿ ಕಡೆ ನೋಡಬೇಕು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಹಾಕಿ 17 ಕೆ.ಜಿ.ಗೂ ಹೆಚ್ಚು ಬಂಗಾರ ಹೊತ್ತೊಯ್ದರಲ್ಲ, ಮರುವರ್ಷ ಅವರು ಸಿಕ್ಕಿಬಿದ್ದಾಗ ಪೊಲೀಸರು ಹೇಳಿದ್ದೇನು? ‘ಮನಿ ಹೀಸ್ಟ್’ ಥರದ ಸರಣಿ, ಯೂಟ್ಯೂಬ್ ವಿಡಿಯೊಗಳನ್ನು ನೋಡಿ ವಿದ್ಯೆ ಕಲಿತಿದ್ದರಂತೆ. ನನ್ನ ತಲೆ ಕೊರೆದದ್ದು ಮಾತ್ರ ಬೇರೆ ವಿಚಾರ. ಆ ಸರಣಿ ಮೂಲದಲ್ಲಿ ಸ್ಪ್ಯಾನಿಷ್ ಭಾಷೆಯದು. ಆ ಪರಿ ನೋಡಿದರೂ ಅವರಲ್ಲಿ ಒಬ್ಬನಿಗಾದರೂ ಸ್ಪ್ಯಾನಿಷ್ ಬಂದ ಸುದ್ದಿ ಯಾವ ಪೇಪರಿನಲ್ಲೂ ಬರಲಿಲ್ಲ. ಬಂದದ್ದು ಬೀಗ ಮುರಿಯುವ ಕಸುಬೊಂದೇ. ಯಾಕಂದ್ರೆ ಕೈ ಹಚ್ಚಿ ಮಾಡಿದ್ದು ಅದೊಂದನ್ನೇ.

ಮಕ್ಕಳಿಗೆ ವಿಡಿಯೊ ತೋರಿಸುವುದರಲ್ಲಿ ನಮ್ಮ ಶಿಕ್ಷಣ ಇಲಾಖೆಯೇನೂ ಹಿಂದೆ ಬಿದ್ದಿಲ್ಲ. ಕೊರೊನಾ ಬಂದು ಶಾಲೆ ಮುಚ್ಚಿದಾಗ, 2020ರ ಜುಲೈನಲ್ಲಿ, ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರುವಾಯಿತು. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳೆಲ್ಲ ಟಿವಿ ಮುಂದೆ. ಪಾಠ ಚೆನ್ನಾಗಿಯೇ ಇತ್ತು, ಅದನ್ನು ಮಾಡಿದ ಶಿಕ್ಷಕರು ಬೆವರು ಸುರಿಸಿದ್ದರು. ಆದರೆ ಇಂಗ್ಲಿಷ್ ಪಾಠದ ಕಥೆಯೇ ಬೇರೆ. ಟಿವಿಯೊಳಗಿನ ಮೇಡಂ ‘ರಿಪೀಟ್ ಆಫ್ಟರ್ ಮೀ’ ಅಂದರೆ, ಮನೆಯೊಳಗೆ ರಿಪೀಟ್ ಮಾಡಲು ಉಳಿದವರು ಅವರೆಕಾಯಿ ಸುಲಿಯುತ್ತ ಕೂತ ಅಜ್ಜಿ ಒಬ್ಬರೇ. ಮೊಮ್ಮಗ ಆಗಲೇ ಎದ್ದು ಹೋಗಿರುತ್ತಿದ್ದ. ಟಿವಿಗೆ ಕಿವಿ ಇಲ್ಲ ಅಂತ ಅವನಿಗೆ ಗೊತ್ತು.

ಅದೇ ಕಾಲದಲ್ಲಿ ಇನ್ನೊಂದು ನಡೆಯಿತು. ಸಾಲ ಮಾಡಿಯೋ, ಕುರಿ ಮಾರಿಯೋ ಮನೆಮನೆಗೆ ಒಂದು ದೊಡ್ಡ ಮೊಬೈಲ್ ಬಂತು. ‘ಆನ್‌ಲೈನ್ ಕ್ಲಾಸಿಗೆ ಬೇಕು ಕಣಪ್ಪ’ ಅಂತ ಮಗ ಅಪ್ಪನ ಜೇಬು ಬಗೆದದ್ದು. ಕ್ಲಾಸು ನಿಂತವು, ಮೊಬೈಲ್ ಉಳಿಯಿತು. ಈಗ ಅದರಲ್ಲಿ ಹಗಲೂ ರಾತ್ರಿ ರೀಲ್ಸು. ಹುಡುಗರು ನೋಡುವುದಷ್ಟೇ ಅಲ್ಲ, ಮಾಡುತ್ತಾರೆ ಕೂಡ: ಟ್ರ್ಯಾಕ್ಟರ್ ಮೇಲೆ ನಿಂತು, ಕೆರೆ ಏರಿ ಮೇಲೆ ಓಡಿ, ಎಮ್ಮೆಗೆ ಕೂಲಿಂಗ್ ಗ್ಲಾಸ್ ಹಾಕಿ. ಇಷ್ಟೊಂದು ಪುಕ್ಕಟೆ ಉತ್ಸಾಹ ಹರಿದು ಹಳ್ಳ ಸೇರುತ್ತಿರುವಾಗ, ಇಂಗ್ಲಿಷ್ ಮೇಷ್ಟ್ರು ಅದಕ್ಕೊಂದು ಕಾಲುವೆ ತೋಡಬಾರದೇ ಅನ್ನುವುದು ನನ್ನ ಹರಟೆಯ ಮೂಲ.

ಈಗಿನ ಸ್ಥಿತಿ ನೋಡಿ. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಇದೆ. ಅಂದರೆ ಎಸ್ಸೆಸ್ಸೆಲ್ಸಿ ಮುಟ್ಟುವ ಹೊತ್ತಿಗೆ ಹತ್ತು ವರ್ಷದ ಇಂಗ್ಲಿಷ್ ಹೊಟ್ಟೆಯಲ್ಲಿದೆ, ಬಾಯಿಗೆ ಮಾತ್ರ ಬರಲೊಲ್ಲದು. ಬರೋದಾದರೂ ಯಾಕೆ? ಪರೀಕ್ಷೆಯಲ್ಲಿ ಬರವಣಿಗೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20, ನಾಲಿಗೆಗೆ ಪ್ರತ್ಯೇಕವಾಗಿ ಸೊನ್ನೆ. ಆ 20ಕ್ಕಾಗಿ ಪ್ರಾಜೆಕ್ಟ್ ಅಂತ ಒಂದು ಶಾಸ್ತ್ರ ಉಂಟಲ್ಲ, ಅದರ ಚಂದ ನೋಡಬೇಕು. ಸಂಜೆ ಸ್ಟೇಷನರಿ ಅಂಗಡಿಗೆ ಹೋಗಿ ‘ಅಣ್ಣಾ, ಒಂದು ಫ್ರೀಡಂ ಫೈಟರ್ಸ್ ಚಾರ್ಟು, ಒಂದು ಹಣ್ಣಿನ ಚಾರ್ಟು’ ಅನ್ನುವುದು. ಕತ್ತರಿಸಿ ಗೋಂದು ಹಚ್ಚುವುದು. ಅಕ್ಷರ ಚೆನ್ನಾಗಿರುವ ಅಕ್ಕನಿಂದ ಬರೆಸುವುದು. ಸುತ್ತ ಸ್ಕೆಚ್ ಪೆನ್ನಿನ ಬಳ್ಳಿ. ಮಾರ್ಕ್ಸ್ ಕೊಡುವುದಾದರೆ ನ್ಯಾಯವಾಗಿ ಆ ಕತ್ತರಿಗೆ ಕೊಡಬೇಕು.

ಚಾರ್ಟು ಬಿಟ್ಟು ಮೊಬೈಲು ಹಿಡಿಸಿ ನೋಡೋಣ. ಐದು ಜನಕ್ಕೆ ಒಂದೇ ಮೊಬೈಲು, ಒಂದೇ ನಿಮಿಷದ ವಿಡಿಯೊ, ಮಾತೆಲ್ಲ ಇಂಗ್ಲಿಷ್. ಹುಡುಗ ಹಿತ್ತಲಲ್ಲಿ ನಿಂತು ‘ದಿಸ್ ಈಸ್ ಅವರ್ ವಿಲೇಜ್’ ಅನ್ನಬೇಕು. ಮೊದಲ ಸಲ ‘ದಿಸ್ ಈಸ್’ ಅಂದು ಆಕಾಶ ನೋಡುತ್ತಾನೆ. ಎರಡನೆಯ ಸಲ ಮೊಬೈಲ್ ಹಿಡಿದವನಿಗೆ ನಗು. ಮೂರನೆಯದಕ್ಕೆ ನಾಯಿ ಬೊಗಳುತ್ತೆ. ನಾಲ್ಕನೆಯದಕ್ಕೆ ಒಳಗಿನಿಂದ ಅಮ್ಮ: ‘ಲೋ, ಎಮ್ಮೆಗೆ ನೀರಿಟ್ಟೇನೋ?’ ಐದನೆಯ ಸಲ ಗುಡಿಯ ಮೈಕು. ಆರನೆಯದು ಬಲು ಸೊಗಸಾಗಿ ಬರುತ್ತೆ, ಆದರೆ ರೆಕಾರ್ಡ್ ಬಟನ್ ಒತ್ತಿರುವುದಿಲ್ಲ. ಇಷ್ಟು ಹೊತ್ತಿಗೆ ಆ ವಾಕ್ಯ ಹುಡುಗನಿಗೆ ಬಾಯಿಪಾಠ. ಮೊಬೈಲ್ ಹಿಡಿದವನಿಗೂ, ನೋಟ್ಸ್ ಹಿಡಿದು ಪಿಸುಗುಟ್ಟುವವಳಿಗೂ, ಬೇಲಿಯ ಮೇಲಿಂದ ಇಣುಕುವ ಅಂಗನವಾಡಿ ಪುಟ್ಟನಿಗೂ ಬಾಯಿಪಾಠ. ಇದನ್ನೇ ಮೇಷ್ಟ್ರು ಆರು ಸಲ ಬರ್ಕೊಂಡು ಬಾ ಅಂದಿದ್ದರೆ ಅದು ಶಿಕ್ಷೆ. ಇಲ್ಲಿ ಹುಡುಗ ತಾನೇ ‘ಇನ್ನೊಂದ್ಸಲ, ಇನ್ನೊಂದ್ಸಲ’ ಅಂತ ಗೋಗರೆಯುತ್ತಾನೆ. ಇಂಗ್ಲಿಷ್ ಕಲಿಸಿದ್ದು ಯಾರು? ಮೇಷ್ಟ್ರಲ್ಲ, ಮೊಬೈಲೂ ಅಲ್ಲ, ನಾಯಿ. ಅದಕ್ಕೆ ಅತಿಥಿ ಶಿಕ್ಷಕರ ಗೌರವಧನವನ್ನಾದರೂ ಕೊಡಬೇಕು. ಬರೋದು ತಡವಾದರೂ ಅದು ಧರಣಿ ಕೂರುವುದಿಲ್ಲ.

ಇನ್ನೊಂದು ಚಮತ್ಕಾರ ಆಮೇಲೆ, ಹಾಕಿಕೊಂಡು ನೋಡುವಾಗ. ‘ಇದು ನನ್ ದನಿ ಅಲ್ಲ ಸಾ!’ ಎಲ್ಲರೂ ಹೇಳುವ ಮಾತು. ನಮ್ಮ ದನಿ ನಮಗೆ ತಲೆಬುರುಡೆಯ ಎಲುಬಿನ ಮೂಲಕವೂ ಕೇಳಿಸುತ್ತದೆ, ಹಾಗಾಗಿ ಒಳಗೆ ಅದು ಗಂಭೀರ. ಮೊಬೈಲಿನಲ್ಲಿ ಗಾಳಿಯಲ್ಲಿ ಬಂದದ್ದಷ್ಟೇ ಇರುವುದರಿಂದ ತೆಳು. ಆ ಅಪರಿಚಿತ ದನಿಯನ್ನು ಹುಡುಗ ಇನ್ಯಾರದೋ ಎಂಬಂತೆ ಕೇಳುತ್ತಾನೆ, ಇನ್ಯಾರದೋ ತಪ್ಪು ಹಿಡಿದಂತೆ ಹಿಡಿಯುತ್ತಾನೆ. ‘ಸ್ಕೂಲ್ ಅನ್ನೋಕೆ ಇಸ್ಕೂಲ್ ಅಂದೀನಿ ನೋಡು, ಥೂ.’ ಮೇಷ್ಟ್ರು ಅದೇ ತಪ್ಪು ತಿದ್ದಿದ್ದರೆ ಮೂರು ದಿನ ಬಾಯಿ ಬಿಡುತ್ತಿರಲಿಲ್ಲ.

ಇದೆಲ್ಲ ಪರದೇಶದ ಹೊಸ ವಿಧಾನ ಅಂತ ಯಾರೂ ಹೆದರಬೇಕಿಲ್ಲ. ನಮ್ಮದು ಚಿಂದೋಡಿ ಮನೆತನದ ಕೆಬಿಆರ್ ಡ್ರಾಮಾ ಕಂಪನಿ ಆಳಿದ ಜಿಲ್ಲೆ. ಕಂಪನಿಯ ಮಾತಿರಲಿ, ಜಾತ್ರೆ ಬಂದರೆ ಹಳ್ಳಿಹಳ್ಳಿಯಲ್ಲೂ ನಾಟಕ, ಹಾರ್ಮೋನಿಯಂ ಹೊತ್ತು ಬರುವ ನಾಟಕದ ಮೇಷ್ಟ್ರು, ತಿಂಗಳುಗಟ್ಟಲೆ ರಾತ್ರಿ ತಾಲೀಮು. ಹೆಬ್ಬೆಟ್ಟು ಒತ್ತುವ ಗೌಡರು ದುರ್ಯೋಧನನಾಗಿ ನಿಂತು, ಮನೆಯಲ್ಲಿ ಎಂದೂ ಆಡದ ಗ್ರಾಂಥಿಕ ಕನ್ನಡವನ್ನು ಪುಟಗಟ್ಟಲೆ ಗುಡುಗಿಸುತ್ತಿದ್ದರು. ಅರ್ಥ ಗೊತ್ತಿತ್ತೇ ಅಂತ ಕೇಳಬೇಡಿ. ಮೊದಲು ನಾಲಿಗೆ ಹೊರಳಿತು, ಅರ್ಥ ಹಿಂದೆ ಬಂತು. ಅವರ ಮೊಮ್ಮಕ್ಕಳಿಗೆ ‘ಐ ಯಾಮ್’ ಅನ್ನಲು ನಾಚಿಕೆಯಾದರೆ ಅದು ರಕ್ತದ ದೋಷವಲ್ಲ, ತಾಲೀಮಿನ ಕೊರತೆ.

ನನ್ನನ್ನು ಒಂದು ದಿನದ ಮಟ್ಟಿಗೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕನನ್ನಾಗಿ ಮಾಡಿ ನೋಡಿ. ಮೊದಲ ಸುತ್ತೋಲೆ: ಐತಿಹಾಸಿಕ ಸ್ಥಳಗಳ ವಿಡಿಯೊ ನಿಷೇಧ. ಚನ್ನಗಿರಿಯ ಮೇಷ್ಟ್ರಿಗೆ ವಿಡಿಯೊ ಮಾಡಿಸಿ ಅಂದರೆ ಸಂತೇಬೆನ್ನೂರು ಪುಷ್ಕರಣಿ, ಇಲ್ಲವೇ ಸೂಳೆಕೆರೆ. ಎರಡೂ ಭವ್ಯ, ನಾನು ಬೇಡವೆನ್ನುವವನಲ್ಲ. ಆದರೆ ಮಾತೆಲ್ಲ ವಿಕಿಪೀಡಿಯದ್ದು. ‘ಮ್ಯಾಗ್ನಿಫಿಸೆಂಟ್ ಆರ್ಕಿಟೆಕ್ಚರ್’ ಅಂದಾಗ ಹುಡುಗಿಯ ಕಣ್ಣಲ್ಲಿ ಪುಷ್ಕರಣಿಯೂ ಇಲ್ಲ, ಮ್ಯಾಗ್ನಿಫಿಸೆಂಟೂ ಇಲ್ಲ. ಅವಳಿಗೆ ಗೊತ್ತಿರುವುದನ್ನು ಕೇಳಿ: ಅಡಿಕೆ. ಗೊನೆ ಇಳಿಸುತ್ತಾರೆ, ಸುಲಿಯುತ್ತಾರೆ, ಹಂಡೆಯಲ್ಲಿ ಬೇಯಿಸುತ್ತಾರೆ, ಚೊಗರು ಹಾಕುತ್ತಾರೆ, ಒಣಗಿಸುತ್ತಾರೆ, ಅಡಿಕೆ ಬೆಳೆಗಾರರ ಸಂಘ ತುಮ್‌ಕೋಸ್‌ಗೆ ಹಾಕುತ್ತಾರೆ. ಯಾರು ಸುಲಿದರು, ಯಾರು ಬೇಯಿಸಿದರು ಅನ್ನುವುದು ಇಲ್ಲಿ ಮುಖ್ಯವೇ ಅಲ್ಲ, ಅಡಿಕೆಗೆ ಏನಾಯಿತು ಅನ್ನುವುದಷ್ಟೇ ಮುಖ್ಯ. ಇದೇ ತಾನೇ ಪ್ಯಾಸಿವ್ ವಾಯ್ಸು? ಹತ್ತು ವರ್ಷ ‘ರಾಮ ರಾವಣನನ್ನು ಕೊಂದನು’ ಅನ್ನುವುದನ್ನು ತಿರುವಿ ಹಾಕಿಸಿ, ರಾವಣನನ್ನು ಎರಡೆರಡು ಸಲ ಕೊಲ್ಲಿಸಿದರೂ ತಲೆಗೆ ಹೋಗದ ವ್ಯಾಕರಣ, ಅಡಿಕೆ ಹಂಡೆಯ ಮುಂದೆ ಹೊಗೆಗೆ ಕಣ್ಣುಜ್ಜುತ್ತ ನಿಂತರೆ ಒಂದು ಮಧ್ಯಾಹ್ನದಲ್ಲಿ ಇಳಿಯುತ್ತೆ.

ನ್ಯಾಮತಿಗೆ ಹತ್ತನೇ ಕ್ಲಾಸಿನ ಆರ್.ಕೆ. ನಾರಾಯಣರ ‘ಎ ಹೀರೋ’ ಪಾಠವನ್ನೇ ಕೊಡುತ್ತೇನೆ. ಧೈರ್ಯ ತೋರಿಸು ಅಂತ ಅಪ್ಪ ಸ್ವಾಮಿಯನ್ನು ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾನೆ. ಕತ್ತಲಲ್ಲಿ ಬಂದದ್ದು ದೆವ್ವವೆಂದು ಸ್ವಾಮಿ ಕಾಲು ಕಚ್ಚಿದರೆ, ಅದು ಕಳ್ಳ! ಹಿಂದಿನ ಬೆಂಚಿನವರೆಲ್ಲ ಕಳ್ಳನ ಪಾತ್ರಕ್ಕೇ ಕೈ ಎತ್ತುತ್ತಾರೆ, ಕಿರುಚಿದರೆ ಮುಗಿಯಿತಲ್ಲ. ಅದಕ್ಕೊಂದು ತಿದ್ದುಪಡಿ: ಕಳ್ಳ ಠಾಣೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿಕೆ ಕೊಡಬೇಕು, ಪೇದೆ ಅದನ್ನು ರಿಪೋರ್ಟೆಡ್ ಸ್ಪೀಚಿನಲ್ಲಿ ಬರೆದುಕೊಳ್ಳಬೇಕು. ಅದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಬಂಜಾರರು ಬರುತ್ತಾರೆ. ತಾಂಡಾದ ಹುಡುಗಿ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಮೂರನೆಯದಾಗಿ ಹಿಂದಿ ಆಡಿದವಳು. ಇಂಗ್ಲಿಷ್ ‘ದ್ವಿತೀಯ ಭಾಷೆ’ ಅಂತ ಅವಳ ಅಂಕಪಟ್ಟಿಯಲ್ಲಿ ಬರೆದವರಿಗೆ ಎಣಿಕೆ ಬರೋದಿಲ್ಲವೇನೋ. ಮೈಕ್ ಹಿಡಿದು ಯಾತ್ರಿಕರನ್ನು ಮಾತಾಡಿಸಲು ಅವಳಿಗಿಂತ ಯೋಗ್ಯರು ಜಿಲ್ಲೆಯಲ್ಲಿಲ್ಲ.

ಹೊನ್ನಾಳಿಗೆ ಹೆಚ್ಚು ಹೇಳಿಕೊಡಬೇಕಿಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ಆಗಿನ ಶಾಸಕ ರೇಣುಕಾಚಾರ್ಯರು ಅರಬಗಟ್ಟೆಯ ಆರೈಕೆ ಕೇಂದ್ರದಲ್ಲಿ ಸೋಂಕಿತರ ಜೊತೆ ಹೆಜ್ಜೆ ಹಾಕಿದ್ದನ್ನು ನಾಡೇ ಮೊಬೈಲಿನಲ್ಲಿ ನೋಡಿದೆ; ಕ್ಯಾಮೆರಾ ಅಂಜಿಕೆ ಆ ನೀರಿನಲ್ಲೇ ಇಲ್ಲ. ಮಳೆಗಾಲದಲ್ಲಿ ತುಂಗಭದ್ರೆ ಏರಿದಾಗ ಸೇತುವೆಯಿಂದ ದೂರದಲ್ಲೇ ನಿಂತು (ದೂರದಲ್ಲೇ, ಸುತ್ತೋಲೆಯಲ್ಲಿ ದಪ್ಪ ಅಕ್ಷರ) ಒಂದು ನಿಮಿಷ ಇಂಗ್ಲಿಷ್ ವಾರ್ತೆ ಓದಿದರೆ ಸಾಕು.

ಜಗಳೂರಿಗೆ ಕೊಂಡುಕುರಿ. ರಂಗಯ್ಯನದುರ್ಗದ ಕಾಡು ಈ ನಾಲ್ಕು ಕೊಂಬಿನ ಪ್ರಾಣಿಗಾಗಿಯೇ ಘೋಷಿಸಿದ ವನ್ಯಧಾಮ. ಕೊಂಬು ಇರುವುದು ಗಂಡಿಗೆ ಮಾತ್ರ, ನಾಚಿಕೆ ಎರಡಕ್ಕೂ. ವನ್ಯಜೀವಿ ಚಿತ್ರದ ಇಂಗ್ಲಿಷಿಗೆ ಒಂದು ದೊಡ್ಡ ಅನುಕೂಲವಿದೆ: ಪಿಸುಮಾತಿನಲ್ಲಿ ಹೇಳಬಹುದು, ಉಚ್ಚಾರದ ಅರ್ಧ ತಪ್ಪು ಗಾಳಿಗೆ ಹೋಗುತ್ತೆ. ಪ್ರಾಣಿ ಕಾಣುತ್ತೆ ಅನ್ನುವ ಭರವಸೆ ಇಲ್ಲ. ಕಾಣದಿದ್ದರೆ ಇನ್ನೂ ಒಳ್ಳೆಯದು, ನೆಗೆಟಿವ್ ಸೆಂಟೆನ್ಸ್ ಎಲ್ಲಾ ಪೂರ್ತಿ ಅಭ್ಯಾಸವಾಗುತ್ತೆ.

ಎರಡು ಷರತ್ತು ಮಾತ್ರ ಕಟ್ಟುನಿಟ್ಟು. ವಿಡಿಯೊ ಯೂಟ್ಯೂಬಿಗೆ ಹೋಗಕೂಡದು. ಮಕ್ಕಳ ಮುಖ ಹಾಕಿ ಲೈಕ್ ಎಣಿಸುವ ಮೇಷ್ಟ್ರುಗಳು ಈಗಾಗಲೇ ಬೇಕಾದಷ್ಟಿದ್ದಾರೆ; 2023ರ ದತ್ತಾಂಶ ರಕ್ಷಣೆ ಕಾಯ್ದೆಯೂ ಹದಿನೆಂಟರ ಒಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತೆ. ಎರಡನೆಯದು, ಶಾಟ್ ಮುಗಿದ ಮೇಲೆ ಮಕ್ಕಳು ಕನ್ನಡದಲ್ಲಿ ಜಗಳವಾಡಿದರೆ ದಂಡ ಹಾಕಕೂಡದು. ‘ಲೇ, ನೀನ್ಯಾಕೆ ಅಡ್ಡ ಬಂದಿ’ ಅನ್ನುವ ಮಾತಿಲ್ಲದೆ ಯಾವ ಸಿನಿಮಾವೂ ತಯಾರಾಗಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಕಲಸಿ ಕೈಲಾಸಂ ಕನ್ನಡ ರಂಗಭೂಮಿಯನ್ನೇ ಬೆಳೆಸಿದರು, ಯಾರೂ ಅವರಿಗೆ ದಂಡ ಹಾಕಲಿಲ್ಲ.

ತೋರಿಸುವುದು ಯಾರಿಗೆ ಹಾಗಾದರೆ? ಪಕ್ಕದ ತಾಲ್ಲೂಕಿಗೆ. 1920ರ ದಶಕದಲ್ಲಿ ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ಟಿನ್ ಫ್ರೇನೆ ಮಕ್ಕಳ ಕೈಗೆ ಪುಟ್ಟ ಅಚ್ಚಿನ ಯಂತ್ರ ಕೊಟ್ಟರು. ಮಕ್ಕಳು ತಮ್ಮೂರಿನ ಸುದ್ದಿ ತಾವೇ ಬರೆದು, ಅಚ್ಚು ಹಾಕಿ, ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು, ಅಲ್ಲಿಂದ ಮರುಉತ್ತರ. ಓದುವವರು ಉಂಟು ಅಂದಾಗ ಬರೆಯುವ ಕೈಗೆ ಬೇರೆಯೇ ಹುರುಪು. ನಮ್ಮಲ್ಲೂ ದೂರಕ್ಕೇನು ಬರವಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡುವಾಗ ಚನ್ನಗಿರಿ, ಹೊನ್ನಾಳಿಯನ್ನು ಶಿವಮೊಗ್ಗದಿಂದ, ಜಗಳೂರನ್ನು ಚಿತ್ರದುರ್ಗದಿಂದ ಕಿತ್ತು ತಂದು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು. ತೋಟದ ನೆರಳಿನ ಹುಡುಗರಿಗೆ ಜಗಳೂರಿನ ಬಯಲು ಗೊತ್ತಿಲ್ಲ, ಅವರಿಗೆ ಇವರ ತೋಟ ಗೊತ್ತಿಲ್ಲ. ಚನ್ನಗಿರಿಯ ವಿಡಿಯೊ ಜಗಳೂರಿಗೆ, ಜಗಳೂರಿನದು ಚನ್ನಗಿರಿಗೆ. ನೋಡಿದವರು ಇಂಗ್ಲಿಷಿನಲ್ಲೇ ಎರಡು ಪ್ರಶ್ನೆ ಕೇಳಬೇಕು, ಮಾಡಿದವರು ಕ್ಯಾಮೆರಾ ಮುಂದೆ ಉತ್ತರಿಸಬೇಕು. ‘ಇಬ್ರೂ ಕನ್ನಡದೋರೇ ಅಲ್ವೇನ್ರೋ?’ ಅಂತ ಅಜ್ಜಿ ಕೇಳಿದರೆ, ಇದು ನಾಟಕ ಅಜ್ಜಿ ಅಂದರಾಯಿತು. ಅವರಿಗೆ ತಕ್ಷಣ ಅರ್ಥವಾಗುತ್ತೆ.

ಚನ್ನಗಿರಿಯವರು ಕೇಳುವ ಪ್ರಶ್ನೆ ಈಗಲೇ ಗೊತ್ತು: ‘ವೇರ್ ಈಸ್ ದ ಕೊಂಡುಕುರಿ?’ ಜಗಳೂರಿನವರೂ ಬಿಟ್ಟಾರೆಯೇ? ಅಡಿಕೆ ವಿಡಿಯೊ ಪೂರ್ತಿ ನೋಡಿ, ಸುಲಿಯುವುದು ಬೇಯಿಸುವುದು ಎಲ್ಲ ಬದಿಗಿಟ್ಟು, ನೇರವಾಗಿ ಕೇಳುತ್ತಾರೆ: ‘ಹೌ ಮಚ್ ಮನಿ ಯುವರ್ ಫಾದರ್ ಗೆಟ್ಸ್?’ ವ್ಯಾಕರಣ ಕೊಂಚ ಕುಂಟುತ್ತೆ, ಗುರಿ ಮಾತ್ರ ನೇರ. ಅದುವರೆಗೆ ಪ್ಯಾಸಿವ್ ವಾಯ್ಸಿನಲ್ಲಿ ಪಟಪಟ ಮಾತಾಡಿದ ಹುಡುಗಿ ಅಲ್ಲಿ ಗಪ್‌ಚಿಪ್. ಇಂಗ್ಲಿಷ್ ಬಾರದೆ ಅಲ್ಲ. ರಾಶಿ ಅಡಿಕೆಯ ದುಡ್ಡಿನ ಮಾತು ಮನೆಯಿಂದಾಚೆ ಹೋದರೆ ಕಾಲು ಮುರೀತೀನಿ ಅಂತ ಅಪ್ಪ ಮೊದಲೇ ಹೇಳಿದ್ದಾರೆ.