ನಷ್ಟಮಿಥ್ಯಾವಾದ: ಪೋಕರ್ ಗೆಲುವಿನ ತೆರಿಗೆಯ ದಾರ್ಶನಿಕ ತಳಹದಿ

ಆಸ್ತಿಕ ದರ್ಶನಗಳು ಆರು ಎಂದು ಎಣಿಸುವುದು ನಮ್ಮಲ್ಲಿ ರೂಢಿ. 2023ರ ಏಪ್ರಿಲ್ 1ರಿಂದ ಅವು ಏಳಾಗಿವೆ ಎಂಬುದು ವಿದ್ವಾಂಸರ ಗಮನಕ್ಕೆ ಬಾರದೆ ಹೋದದ್ದು ಖೇದದ ಸಂಗತಿ. ಆ ವರ್ಷದ ಹಣಕಾಸು ಕಾಯ್ದೆ ಹೊಸದಾಗಿ ಸೇರಿಸಿದ ಸೆಕ್ಷನ್ 115ಬಿಬಿಜೆಯನ್ನು ಲೆಕ್ಕಪರಿಶೋಧಕರು ಬರಿಯ ದರಪಟ್ಟಿಯೆಂದು ಓದಿಕೊಂಡರು: ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ನೂರಕ್ಕೆ ಮೂವತ್ತು, ಅದರ ಮೇಲೆ ಸೆಸ್. ಓದುವ ಕ್ರಮ ಅದಲ್ಲ. ಆ ಸೆಕ್ಷನ್ ಸೂತ್ರ. ಆದಾಯ ತೆರಿಗೆ ನಿಯಮ 133 ಅದರ ವೃತ್ತಿ. 2023ರ ಮೇ 22ರಂದು ನೇರ ತೆರಿಗೆಗಳ ಕೇಂದ್ರ ಮಂಡಳಿ ಹೊರಡಿಸಿದ 5ನೇ ಸುತ್ತೋಲೆ ಅದರ ಭಾಷ್ಯ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಕೂತವರಿಗೆ ದೊರೆಯುವ ಸಿದ್ಧಾಂತ ಒಂದೇ: ಲಾಭ ಸತ್ಯ, ನಷ್ಟ ಮಿಥ್ಯೆ. ವೈಶೇಷಿಕರು ಅಭಾವಕ್ಕೂ ಏಳನೆಯ ಪದಾರ್ಥವೆಂಬ ಸ್ಥಾನ ಕೊಟ್ಟು ಮರ್ಯಾದೆ ಮಾಡಿದ್ದರು. ಇಲಾಖೆ ಅಷ್ಟು ಉದಾರಿಯಲ್ಲ. ಕೈಬಿಟ್ಟುಹೋದ ದುಡ್ಡು ಅದರ ಮತದಲ್ಲಿ ಮೊಲದ ಕೊಂಬಿನ ಜಾತಿಗೆ ಸೇರಿದ್ದು.

ಸಿದ್ಧಾಂತಕ್ಕೆ ಪ್ರಮಾಣ ಬೇಕು. ನಿಯಮ 133ರ ಪ್ರಕಾರ ವರ್ಷದಲ್ಲಿ ಹಿಂಪಡೆದ ಹಣಕ್ಕೆ ಆಖೈರು ಶಿಲ್ಕನ್ನು ಕೂಡಿಸಿ, ಅದರಿಂದ ಆಟಗಾರ ಕಟ್ಟಿದ ಠೇವಣಿಯನ್ನೂ ಆರಂಭದ ಶಿಲ್ಕನ್ನೂ ಕಳೆಯಬೇಕು; ಉಳಿದದ್ದು ನಿವ್ವಳ ಗೆಲುವು. ಶಾಸ್ತ್ರಗ್ರಂಥಗಳಲ್ಲಿ ಎಲ್ಲ ಉದಾಹರಣೆಗಳಿಗೂ ಒದಗಿಬರುವ ದೇವದತ್ತನನ್ನೇ ಇಲ್ಲಿಯೂ ಕೂರಿಸೋಣ. 2023-24ರಲ್ಲಿ ಆತ 5 ಲಕ್ಷ ರೂಪಾಯಿ ಕಟ್ಟಿ 3 ಲಕ್ಷ ಹಿಂಪಡೆದ. 2024-25ರಲ್ಲಿ 1 ಲಕ್ಷ ಕಟ್ಟಿ 3 ಲಕ್ಷ ಹಿಂಪಡೆದ. ಖಾತೆಯಲ್ಲಿ ಶಿಲ್ಕು ಏನೂ ಉಳಿಸಲಿಲ್ಲ. ಶಾಲೆಯ ಗಣಿತದಲ್ಲಿ ಇವನು ಎರಡು ವರ್ಷ ರಾತ್ರಿಯೆಲ್ಲ ಎಚ್ಚರವಿದ್ದು ಸೊನ್ನೆ ಸಂಪಾದಿಸಿದವನು. ಆದಾಯ ತೆರಿಗೆಯ ಗಣಿತದಲ್ಲಿ ಎರಡನೆಯ ವರ್ಷದ 2 ಲಕ್ಷಕ್ಕೆ ಸೆಸ್ ಸೇರಿ 62,400 ರೂಪಾಯಿ ತೆರಬೇಕಾದ ಭಾಗ್ಯವಂತ. ಇದೇ ಸೋಲು ಗೆಲುವುಗಳನ್ನು ಒಂದೇ ವರ್ಷದೊಳಗೆ ಮುಗಿಸಿದ್ದರೆ ತೆರಿಗೆ ಏನೂ ಇರುತ್ತಿರಲಿಲ್ಲ. ಅಂದರೆ ನಷ್ಟಕ್ಕೆ ವ್ಯಾವಹಾರಿಕ ಸತ್ಯತ್ವ ಉಂಟು, ಆದರೆ ಮಾರ್ಚ್ 31ರ ನಡುರಾತ್ರಿಯವರೆಗೆ ಮಾತ್ರ. ಆಮೇಲೆ ಅದಕ್ಕೆ ಪುನರ್ಜನ್ಮವಿಲ್ಲ. ಗೆಲುವಿಗೆ ಇಂಥ ಮುಕ್ತಿ ಇಲ್ಲ. ಹಿಂಪಡೆಯದೆ ಖಾತೆಯಲ್ಲೇ ಬಿಟ್ಟರೂ ಆಖೈರು ಶಿಲ್ಕಿನ ರೂಪದಲ್ಲಿ ಅದು ಸಿಕ್ಕಿಬೀಳುತ್ತದೆ. ಸಂಚಿತಕರ್ಮವನ್ನು ಇಷ್ಟು ಅಚ್ಚುಕಟ್ಟಾಗಿ ಸೂತ್ರಕ್ಕೆ ಇಳಿಸಿದವರು ಹಿಂದೆ ಯಾರೂ ಇರಲಿಲ್ಲ.

ಇನ್ನೂ ಸೂಕ್ಷ್ಮವಾದ ಪ್ರಮಾಣ ಮೇಜಿನ ಸುತ್ತಲೇ ಇದೆ. ಪೋಕರ್‌ನಲ್ಲಿ ಒಬ್ಬನ ಗೆಲುವು ಇನ್ನೊಬ್ಬನ ಸೋಲು. ಆಡಿಸುವ ಕಂಪನಿ ಪ್ರತಿ ಪಣದ ರಾಶಿಯಿಂದ ರೇಕ್ ಎಂಬ ಪಾಲು ಕೀಳುವುದರಿಂದ ಆಟಗಾರರೆಲ್ಲರ ಮೊತ್ತ ಯಾವಾಗಲೂ ಸೊನ್ನೆಗಿಂತ ಕೆಳಗೆ. ಇದು ಸಾಲದೆಂದು 2023ರ ಅಕ್ಟೋಬರ್ 1ರಿಂದ ಠೇವಣಿಯ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28 ಜಿಎಸ್‌ಟಿ ಬಿತ್ತು. ಹೀಗೆ ಇಡೀ ಮೇಜು ಸೋತಿದೆ, ಆದರೂ ಅದೇ ಮೇಜಿನಿಂದ ತೆರಿಗೆಗೆ ಅರ್ಹವಾದ ಆದಾಯ ಹುಟ್ಟಿದೆ. ಕಾರಣದಲ್ಲಿ ಇಲ್ಲದ್ದು ಕಾರ್ಯದಲ್ಲಿ ಹುಟ್ಟಲಾರದು ಎಂದು ಸಾಂಖ್ಯರು, ಹುಟ್ಟಬಲ್ಲದು ಎಂದು ನೈಯಾಯಿಕರು ಶತಮಾನಗಟ್ಟಲೆ ಜಗಳವಾಡಿದರಲ್ಲ, ನಿಯಮ 133 ಆ ವ್ಯಾಜ್ಯವನ್ನು ನೈಯಾಯಿಕರ ಪರವಾಗಿ, ವೆಚ್ಚಸಹಿತ, ತೀರ್ಮಾನಿಸಿದೆ.

ಇಲ್ಲಿ ಪೂರ್ವಪಕ್ಷಿಯೊಬ್ಬ ಏಳುತ್ತಾನೆ. ಪೋಕರ್ ಕೌಶಲದ ಆಟ, ಆದ್ದರಿಂದ ವೃತ್ತಿ; ವೃತ್ತಿಯಾದರೆ ಇಂಟರ್ನೆಟ್ ಬಿಲ್ಲು, ತರಬೇತಿಯ ಶುಲ್ಕ, ಹಳೆಯ ಸೋಲು ಎಲ್ಲವನ್ನೂ ಕಳೆಯಬೇಕು ಎಂಬುದು ಅವನ ವಾದ. ಕೌಶಲದ ವಿಷಯದಲ್ಲಿ ಅವನ ಕೈ ಬರಿದಲ್ಲ. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟು ಪೋಕರ್ ಅನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದಿತು. ಅದೇ ಹೈಕೋರ್ಟು 2022ರ ಫೆಬ್ರವರಿ 14ರಂದು, ಪ್ರೇಮಿಗಳ ದಿನ ನೋಡಿಕೊಂಡೇ ಎಂಬಂತೆ, ಆನ್‌ಲೈನ್ ಆಟಗಳ ಮೇಲಿನ ರಾಜ್ಯದ ನಿಷೇಧವನ್ನು ತಳ್ಳಿಹಾಕಿತು. ಆದರೆ 2017ರಲ್ಲಿ ಗುಜರಾತ್ ಹೈಕೋರ್ಟು ಪೋಕರ್ ಜೂಜೇ ಎಂದಿದೆ. ಹೀಗಾಗಿ ಬೆಂಗಳೂರಿನಲ್ಲಿ ವಿಮಾನ ಹತ್ತಿದ ಕುಶಲಿ ಅಹಮದಾಬಾದಿನಲ್ಲಿ ಜೂಜುಕೋರನಾಗಿ ಇಳಿಯುತ್ತಾನೆ. ಆದಾಯ ತೆರಿಗೆ ಕಾಯ್ದೆಗೆ ಈ ತೊಳಲಾಟವಿಲ್ಲ. ಅದು ಹಿಂದಿನಿಂದಲೂ ಲಾಟರಿ, ಪದಬಂಧ, ಕುದುರೆ ಜೂಜು, ಇಸ್ಪೀಟುಗಳನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದೆ. ಪದಬಂಧ ಬಿಡಿಸಿ ಬಹುಮಾನ ಗೆದ್ದ ಮೇಷ್ಟರಿಗೂ ಲಾಟರಿ ಕೊಂಡವನಿಗೂ ಅದು ಭೇದ ಎಣಿಸುವುದಿಲ್ಲ. ಖರ್ಚು ಕಳೆಯುವುದಕ್ಕಂತೂ ಸೆಕ್ಷನ್ 58ರಲ್ಲೇ ತಡೆ. ವಿನಾಯಿತಿ ಸಿಕ್ಕಿರುವುದು ರೇಸಿನ ಕುದುರೆ ಸಾಕುವ ಮಾಲೀಕನಿಗೆ ಮಾತ್ರ. ಕುದುರೆ ತಿಂದ ಹುರುಳಿ ಲೆಕ್ಕಕ್ಕೆ ಬರುತ್ತದೆ, ಆಟಗಾರ ತಿಂದ ಅನ್ನ ಬರುವುದಿಲ್ಲ. ಕನಕದಾಸರ ನಳಚರಿತ್ರೆ ಓದಿದ ಕನ್ನಡಿಗರಿಗೆ ಇದರ ಮರ್ಮ ಬೇಗ ತಿಳಿದೀತು. ನಳ ಮಹಾರಾಜ ಋತುಪರ್ಣನಿಗೆ ಅಶ್ವಹೃದಯವನ್ನು ಕೊಟ್ಟು ಅಕ್ಷಹೃದಯವನ್ನು ಪಡೆದ. ಒಳ್ಳೆಯ ಲೆಕ್ಕಿಗನೊಬ್ಬ ಜೊತೆಗಿದ್ದಿದ್ದರೆ, ಖರ್ಚು ಕಳೆಯಲು ಬರುವ ವಿದ್ಯೆ ಕೊಟ್ಟು ಬಾರದ ವಿದ್ಯೆ ತೆಗೆದುಕೊಳ್ಳಬೇಡಿ ಎಂದು ಕೈ ಹಿಡಿದು ನಿಲ್ಲಿಸುತ್ತಿದ್ದ.

ಪೂರ್ವಪಕ್ಷಿ ಪರಂಪರೆಯ ಮೊರೆ ಹೋಗುತ್ತಾನೆ: ಕೌಟಿಲ್ಯನ ದ್ಯೂತಾಧ್ಯಕ್ಷ ಗೆದ್ದವನಿಂದ ತೆಗೆದುಕೊಳ್ಳುತ್ತಿದ್ದದ್ದು ನೂರಕ್ಕೆ ಐದು ತಾನೇ? ನಿಜ, ಜೊತೆಗೆ ದಾಳದ ಬಾಡಿಗೆ, ನೀರಿನ ಮತ್ತು ಜಾಗದ ಶುಲ್ಕ. ಐದು ಮೂವತ್ತಾದದ್ದನ್ನು ಸುಲಿಗೆ ಎನ್ನುವವರು ಒಂದನ್ನು ಮರೆಯುತ್ತಾರೆ: ಅರ್ಥಶಾಸ್ತ್ರದ ಪ್ರಭುತ್ವ ದಾಳವನ್ನಾದರೂ ತಾನೇ ಒದಗಿಸಬೇಕಿತ್ತು, ಈಗಿನದು ಏನನ್ನೂ ಒದಗಿಸದ ನಿರ್ಗುಣ ಪ್ರಭುತ್ವ. ನಿರ್ಗುಣಕ್ಕೆ ಸಲ್ಲುವ ಕಾಣಿಕೆ ಯಾವಾಗಲೂ ಹೆಚ್ಚು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ಮುಚ್ಚಿಡುವುದು ಪಾಂಡಿತ್ಯಕ್ಕೆ ಶೋಭೆಯಲ್ಲ. 1980ರಲ್ಲಿ ಸುಪ್ರೀಂ ಕೋರ್ಟು, ಗಡಿಯಲ್ಲಿ 65,500 ರೂಪಾಯಿಯ ನೋಟುಗಳೊಂದಿಗೆ ಸಿಕ್ಕಿಬಿದ್ದ ಕಳ್ಳಸಾಗಣೆದಾರನ ಮುಟ್ಟುಗೋಲಾದ ಹಣವನ್ನು ಅವನ ಕಸುಬಿನ ನಷ್ಟವೆಂದು ಒಪ್ಪಿ ಆದಾಯದಿಂದ ಕಳೆಯಲು ಬಿಟ್ಟಿತು. ಕಳ್ಳಸಾಗಣೆಯ ನಷ್ಟ ಸತ್ಯ, ಕಳೆದ ವರ್ಷದ ಪೋಕರ್ ನಷ್ಟ ಮಿಥ್ಯೆ ಎಂದರೆ ಹೇಗೆ? ಸಮಾಧಾನ ಸರಳ. ಕಳ್ಳಸಾಗಣೆದಾರ ಕಷ್ಟಪಟ್ಟು ನಡೆದು ಗಡಿ ದಾಟುತ್ತಾನೆ. ದೇವದತ್ತ ಹಾಸಿಗೆಯ ಮೇಲೆ ಮಲಗಿಕೊಂಡೇ ಸೋತವನು. ಶ್ರಮವಿಲ್ಲದ ನಷ್ಟಕ್ಕೆ ಅಸ್ತಿತ್ವ ಎಲ್ಲಿಂದ ಬರಬೇಕು?

ಇಷ್ಟರಲ್ಲಿ ವಸ್ತುವೇ ಮಾಯವಾಯಿತಲ್ಲ ಎಂಬುದು ಕೊನೆಯ ಆಕ್ಷೇಪ. 2025ರ ಆನ್‌ಲೈನ್ ಆಟಗಳ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳದೆ ಹಣ ಕಟ್ಟಿ ಆಡುವ ಆಟಗಳನ್ನೆಲ್ಲ ನಿಷೇಧಿಸಿತು. ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಹಿಂದಿನ ದಿನ, ಆಗಸ್ಟ್ 21ರಂದು, ಅಂಕಿತ ಬಿದ್ದದ್ದು 2026ರ ಏಪ್ರಿಲ್ 1ರಿಂದ ಜಾರಿಯೆಂದು ಸಾರಿದ ಹೊಸ ಆದಾಯ ತೆರಿಗೆ ಕಾಯ್ದೆಗೆ, ಮತ್ತು ಅದರಲ್ಲಿ ಆನ್‌ಲೈನ್ ಆಟದ ಗೆಲುವಿಗೆ ನೂರಕ್ಕೆ ಮೂವತ್ತರ ಸಾಲು ಹಾಗೆಯೇ ಕೂತಿದೆ. ಇಂದು ತೊಟ್ಟಿಲು ಕಟ್ಟಿ ನಾಳೆ ಮದುವೆಯನ್ನೇ ನಿಷೇಧಿಸಿದ ಹಾಗಾಯಿತು ಎಂದು ನಗುವವರಿದ್ದಾರೆ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರವನ್ನೂ ನೂರಕ್ಕೆ 40ಕ್ಕೆ ಏರಿಸಿ ತೊಟ್ಟಿಲಿಗೆ ಬೆಳ್ಳಿಯ ಗೆಜ್ಜೆ ಕಟ್ಟಿದ್ದು ಅವರಿಗೆ ಇನ್ನಷ್ಟು ನಗು ತಂದಿರಬಹುದು. ಆದರೆ ಇಲ್ಲದ ನಷ್ಟವನ್ನು ಇಲ್ಲವೆನ್ನುವುದು ಯಾವ ಮತಕ್ಕೂ ಸುಲಭ. ಇಲ್ಲದ ಆಟದ ಗೆಲುವನ್ನು ಉಂಟೆಂದು ನಂಬಿ ಅದಕ್ಕೊಂದು ದರ ಗೊತ್ತುಮಾಡುವುದರಲ್ಲೇ ಏಳನೆಯ ದರ್ಶನದ ಪ್ರೌಢಿಮೆ.

ಸಿದ್ಧಾಂತದ ವ್ಯಾಪ್ತಿಯನ್ನು ಪರೀಕ್ಷಿಸಲು ಸಭಾಪರ್ವಕ್ಕಿಂತ ತಕ್ಕ ಕ್ಷೇತ್ರವಿಲ್ಲ. ಹಸ್ತಿನಾವತಿಯ ಆಟ ಆನ್‌ಲೈನ್ ಅಲ್ಲವಾದ್ದರಿಂದ ಹಳೆಯ 115ಬಿಬಿ ಸಾಕು, ದರ ಅದೇ ಮೂವತ್ತು. ದಾಳ ಎಸೆದವನು ಶಕುನಿ, ಗೆಲುವು ದುರ್ಯೋಧನನದು, ಪಾನ್ ಸಂಖ್ಯೆ ಯಾರದೆಂಬ ಪ್ರಶ್ನೆಯನ್ನು ಸದ್ಯ ಬದಿಗಿಡೋಣ. ಗೆಲುವು ವಸ್ತುರೂಪದ್ದಾದರೆ ತೆರಿಗೆ ಕಟ್ಟಿದ್ದು ಖಾತ್ರಿಯಾಗುವವರೆಗೆ ಅದನ್ನು ಬಿಟ್ಟುಕೊಡಬಾರದು ಎಂಬುದು ಕೊಡುವವನ ಹೊಣೆ. ಅಂದರೆ ಮೊದಲ ಪಣದ ರತ್ನಹಾರಕ್ಕೇ ಧರ್ಮರಾಯ ಚಲನ್ ಕೇಳಬೇಕಿತ್ತು. ಕೇಳಿದ್ದರೆ ಆಟ ಇಂದ್ರಪ್ರಸ್ಥದವರೆಗೆ ಬರುತ್ತಲೇ ಇರಲಿಲ್ಲ. ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ್ದಕ್ಕೆ ತೆರಿಗೆ ಬೀಳದು, ಏಕೆಂದರೆ ದೊಡ್ಡಪ್ಪನ ಉಡುಗೊರೆಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ತೊಡಕು ಇರುವುದು ಎರಡನೆಯ ಆಟದಲ್ಲಿ. ಹನ್ನೆರಡು ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸಗಳ ಮಾರುಕಟ್ಟೆ ಮೌಲ್ಯ ಕಟ್ಟುವ ನಿಯಮ ಎಲ್ಲಿಯೂ ಕಾಣದು. ಪೂರ್ವಪಕ್ಷಿಯ ಮೇಲೆ ಕನಿಕರಪಟ್ಟು ಅದನ್ನು ಜೂಜಿನ ಸೋಲಲ್ಲ, ವ್ಯಾಪಾರದ ನಷ್ಟವೆಂದೇ ಒಪ್ಪಿಕೊಂಡೆವು ಎನ್ನಿ. ಅಂಥ ನಷ್ಟವನ್ನು ಮುಂದಕ್ಕೊಯ್ಯಲು ಕಾಯ್ದೆ ಕೊಡುವುದು ಎಂಟೇ ವರ್ಷ. ಪಾಂಡವರು ವಿರಾಟನಗರದಿಂದ ಹೊರಬೀಳುವ ಹೊತ್ತಿಗೆ ಗಡುವು ಮುಗಿದು ಐದು ವರ್ಷವಾಗಿತ್ತು.