ರಾಡಪ್ಪನವರ ಮೆತ್ತನೆ ಕೋಲು

ಡಾಲಸ್ ಸುತ್ತಲಿನ ಊರುಗಳಲ್ಲಿ ನೆಲೆ ನಿಂತ ಕನ್ನಡಿಗರಲ್ಲಿ ಮೀನು ಹಿಡಿಯುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಮೀನು ಹಿಡಿಯುವುದಕ್ಕೆಂದು ಕೋಲು ಕೊಳ್ಳುವವರು ಅವರಿಗಿಂತ ಹೆಚ್ಚು. ನಮ್ಮ ರಾಡಪ್ಪನವರು ಈ ಎರಡನೆಯ ಪಂಗಡದ ಹಿರಿಯರು. ತಂದೆತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಆಫೀಸಿನ ಬ್ಯಾಡ್ಜಿನ ಮೇಲೆ ಕ್ಷೇಮವಾಗಿದೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತವರಿಗೆಲ್ಲ ಅವರು ರಾಡಪ್ಪನವರೇ.

ಅವರನ್ನು ಮಾತಿಗೆಳೆಯುವ ಕ್ರಮ ಗೊತ್ತಿರಬೇಕು. "ಮೀನು ಸಿಕ್ತಾ?" ಎಂದು ಕೇಳಿದಿರೋ, ಮುಖ ಬಾಡುತ್ತದೆ; ಗಾಳಿ, ನೀರಿನ ಬಣ್ಣ, ಹವೆಯ ಒತ್ತಡ ಇವುಗಳ ಮೇಲೆ ಒಂದೊಂದು ಆರೋಪ ಹೊರಿಸಿ ಹೊರಟುಬಿಡುತ್ತಾರೆ. "ಯಾವ ಕೋಲು ತಗೊಂಡು ಹೋಗಿದ್ರಿ?" ಎಂದು ಕೇಳಿ ನೋಡಿ, ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಪಾಯಸ ಬಡಿಸುವವರು ಎರಡು ಸುತ್ತು ಬಂದುಹೋದರೂ ಏಳುವುದಿಲ್ಲ.

ಅವರ ಮನೆಯಲ್ಲಿ ಕಾರು ಬಯಲಲ್ಲಿ ನಿಂತು ಆಲಿಕಲ್ಲಿನ ಪೆಟ್ಟು ತಿನ್ನುತ್ತದೆ. ಗ್ಯಾರೇಜಿನ ನೆರಳು ಕೋಲುಗಳಿಗೆ ಮೀಸಲು. ರಬ್ಬರ್ ಹುಳ ಎಸೆಯುವುದಕ್ಕೆ ಒಂದು, ಪಾಚಿಯ ಮೇಲೆ ರಬ್ಬರ್ ಕಪ್ಪೆ ಎಳೆಯುವುದಕ್ಕೆ ಒಂದು, ನೀರಿನ ಮೇಲೆ ತೇಲುವ ಲೂರಿಗೆ (ಸುಳ್ಳು ಆಮಿಷಕ್ಕೆ) ಒಂದು, ಆಳದ ಕ್ರ್ಯಾಂಕ್‌ಬೇಟಿಗೆ ಸುಮಾರು ಎಂಟು ಅಡಿಯದು ಒಂದು. ಇಷ್ಟಿದ್ದೂ ಕಳೆದ ಚಳಿಗಾಲದಲ್ಲಿ ಅವರಿಗೆ ನಿದ್ದೆ ಹತ್ತಲಿಲ್ಲ. ಆಳವಿಲ್ಲದ ನೀರಿನ ಕ್ರ್ಯಾಂಕ್‌ಬೇಟಿಗೆ ಅಂತಲೇ ಒಂದು ಕೋಲು ಇಲ್ಲವಲ್ಲ ಎಂಬ ಚಿಂತೆ.

ಕ್ರ್ಯಾಂಕ್‌ಬೇಟ್ ಎಂದರೆ ಮರದ್ದೋ ಪ್ಲಾಸ್ಟಿಕ್ಕಿನದೋ ಒಂದು ಸುಳ್ಳು ಮೀನು. ಗುಂಡು ಹೊಟ್ಟೆ, ಹೊಟ್ಟೆಯ ಕೆಳಗೊಂದು ಬಾಲದಲ್ಲೊಂದು ಮೂರು ಮುಳ್ಳಿನ ಗಾಳ, ಮೂತಿಯಲ್ಲಿ ಮುಂದಕ್ಕೆ ಚಾಚಿದ ತುಟಿ. ರೀಲ್ ಸುತ್ತಿದಾಗ ನೀರು ಆ ತುಟಿಯನ್ನು ಒತ್ತುತ್ತದೆ, ಸುಳ್ಳು ಮೀನು ತಲೆ ತಗ್ಗಿಸಿ ಮೈ ಕುಣಿಸುತ್ತ ಕೆಳಗಿಳಿಯುತ್ತದೆ. ತುಟಿ ಉದ್ದವಿದ್ದರೆ ಆಳಕ್ಕೆ ಹೋಗುತ್ತದೆ, ಗಿಡ್ಡವಿದ್ದರೆ ನಾಲ್ಕೈದು ಅಡಿಯಲ್ಲೇ ಓಡಾಡುತ್ತದೆ. ಗಿಡ್ಡ ತುಟಿ ಚೌಕವಾಗಿದ್ದರೆ ಅದಕ್ಕೆ ಸ್ಕ್ವೇರ್‌ಬಿಲ್ ಎನ್ನುತ್ತಾರೆ. ಮರದ ಬೊಡ್ಡೆಗೋ ಕಲ್ಲಿಗೋ ಬಡಿದಾಗ ಅದು ಪಕ್ಕಕ್ಕೆ ಸಿಡಿಯುತ್ತದೆ. ಆ ಸಿಡಿತ ಕಂಡು ತಡೆಯಲಾರದೆ ಬಾಸ್ ಮೀನು ಬಾಯಿ ಹಾಕುತ್ತದೆ. ಡಾಲಸ್ಸಿನ ಪೂರ್ವಕ್ಕಿರುವ ಲೇಕ್ ಫೋರ್ಕ್ ಇಂಥ ಆಟಕ್ಕೆ ಹೇಳಿ ಮಾಡಿಸಿದ ಜಾಗ. 1980ರಲ್ಲಿ ಅಣೆಕಟ್ಟು ಮುಗಿದಾಗ ಅಲ್ಲಿನ ಮರಗಳನ್ನು ಬಹಳಷ್ಟು ಹಾಗೇ ನಿಲ್ಲಲು ಬಿಟ್ಟರು. ಚಳಿ ಹಿಂದೆಗೆಯುವ ಹೊತ್ತಿಗೆ ಮೊಟ್ಟೆಯಿಡಲು ದಡದ ಕಡೆ ಬರುವ ಬಾಸ್ ಆ ಬೊಡ್ಡೆಗಳ ಸಂದಿಯಲ್ಲಿ ಕಾದಿರುತ್ತದೆ.

ಇಷ್ಟು ಹೇಳುವುದಕ್ಕೆ ರಾಡಪ್ಪನವರಿಗೆ ಒಂದು ಸಂಜೆ ಬೇಕು. ಇಷ್ಟಾದರೂ ಕೋಲಿನ ವಿಷಯ ಇನ್ನೂ ಶುರುವಾಗಿರುವುದಿಲ್ಲ.

"ನೋಡಿ ಮಾರಾಯ್ರೆ, ಪವರ್ ಬೇರೆ, ಆಕ್ಷನ್ ಬೇರೆ. ಕೋಲು ಬಗ್ಗಿಸೋಕೆ ಎಷ್ಟು ಬಲ ಬೇಕು ಅನ್ನೋದು ಪವರ್. ಎಲ್ಲಿಂದ ಬಗ್ಗುತ್ತೆ ಅನ್ನೋದು ಆಕ್ಷನ್. ತುದಿ ಮಾತ್ರ ಬಗ್ಗಿದ್ರೆ ಫಾಸ್ಟ್. ನಡುವಿನ ತನಕ ಬಗ್ಗಿದ್ರೆ ಮಾಡರೇಟ್. ನನಗೆ ಬೇಕಾಗಿರೋದು ಮೀಡಿಯಂ ಪವರ್, ಮಾಡರೇಟ್ ಆಕ್ಷನ್. ಉದ್ದ ಆರೂವರೆಯಿಂದ ಏಳು ಅಡಿ ಒಳಗೆ. ಎಂಟು ಅಡಿ ಇದ್ರೆ ದೂರ ಹೋಗುತ್ತೆ ನಿಜ, ಆದ್ರೆ ಆಳ ಇಲ್ಲದ ನೀರಲ್ಲಿ ದೂರ ಯಾರಿಗೆ ಬೇಕು? ಮರದ ಬುಡಕ್ಕೇ ಬೀಳ್ಬೇಕು. ಗುರಿಗೆ ಗಿಡ್ಡ ಕೋಲೇ ಸರಿ."

ಮಾತು ಶುದ್ಧ ಶಾಸ್ತ್ರೋಕ್ತ, ಒಂದಕ್ಷರ ತಪ್ಪಿಲ್ಲ. ಕ್ರ್ಯಾಂಕ್‌ಬೇಟಿನ ಗಾಳ ಸಣ್ಣದು, ಮೀನಿನ ತುಟಿಯಂಚಿಗೆ ಸಿಕ್ಕಿಕೊಂಡಿರುವುದೇ ಹೆಚ್ಚು. ಬಿರುಸಾದ ಕೋಲಾದರೆ ಮೀನು ಒಮ್ಮೆ ತಲೆ ಕೊಡವಿದರೆ ಗಾಳ ಹರಿದುಕೊಂಡು ಬರುತ್ತದೆ. ಮೆತ್ತನೆಯ ಕೋಲು ಬಗ್ಗಿ ಆ ಏಟನ್ನು ನುಂಗಿಕೊಳ್ಳುತ್ತದೆ. ಅಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಮೀನು ಬಾಯಿ ಹಾಕಿದ ಸುದ್ದಿಯನ್ನು ಗ್ರಾಫೈಟ್ ಕೋಲು ತಕ್ಷಣ ಕೈಗೆ ಮುಟ್ಟಿಸುತ್ತದೆ. ಹಿಡಿದವನು ಗಾಬರಿಯಾಗಿ ಎಳೆಯುತ್ತಾನೆ, ಲೂರ್ ಮೀನಿನ ಬಾಯಿಂದ ಈಚೆಗೆ ಬಂದುಬಿಡುತ್ತದೆ. ಫೈಬರ್‌ಗ್ಲಾಸ್ ಕೋಲು ಸುದ್ದಿಯನ್ನು ಸ್ವಲ್ಪ ತಡವಾಗಿ ಕೊಡುತ್ತದೆ. ಆ ತಡದಲ್ಲಿ ಮೀನು ಲೂರನ್ನು ಸರಿಯಾಗಿ ಬಾಯಿಗೆ ಹಾಕಿಕೊಂಡಿರುತ್ತದೆ. ಆಮೇಲೆ ಕೋಲನ್ನು ಪಕ್ಕಕ್ಕೆ ನಿಧಾನವಾಗಿ ತೂಗಿದರೆ ಸಾಕು.

ಅಂದರೆ ಈ ಕೋಲಿನ ದೊಡ್ಡ ಗುಣ ತಡ. ಇದನ್ನು ಕೊಳ್ಳಲು ಹೊರಟವರು ಮೇಲ್ ಕಳಿಸಿದ ಅರ್ಧ ನಿಮಿಷಕ್ಕೆ "ನೋಡಿದ್ರಾ?" ಎಂದು ಮೆಸೇಜ್ ಹಾಕುವವರು; ಸಿಗ್ನಲ್ ಹಸಿರಾಗುವ ಮುಂಚೆಯೇ ಮುಂದಿನ ಕಾರಿಗೆ ಹಾರನ್ ಹೊಡೆಯುವವರು; ಕುಕ್ಕರ್ ಮೂರನೇ ಸೀಟಿ ಹಾಕುವಷ್ಟರಲ್ಲಿ ತಟ್ಟೆ ಹಿಡಿದು ಕೂತಿರುವವರು. ಜಗತ್ತಿನಲ್ಲಿ ಯಾವುದರ ತಡವನ್ನೂ ಸಹಿಸದ ಮನುಷ್ಯ ತಡಮಾಡುವ ಕೋಲಿಗಾಗಿ ಇನ್ನೂರು ಡಾಲರ್ ಕೈಯಲ್ಲಿ ಹಿಡಿದು ಅಂಗಡಿಯಿಂದ ಅಂಗಡಿಗೆ ಓಡಿದರು.

ಅಂಗಡಿಯಲ್ಲಿ ಅವರನ್ನು ನೋಡಬೇಕು. ಕೋಲನ್ನು ತೆಗೆದು ಮೊದಲು ಗಾಳಿಯಲ್ಲಿ ನಡುಗಿಸುತ್ತಾರೆ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ನಡುಗಿಸುತ್ತಾರೆ. ತುದಿಯನ್ನು ನೆಲದ ಕಾರ್ಪೆಟ್ಟಿಗೆ ಒತ್ತಿ ಬಗ್ಗು ನೋಡುತ್ತಾರೆ. ಜೇಬಿನಿಂದ ಸ್ವಂತ ರೀಲ್ ತೆಗೆದು ಕೂರಿಸಿ, ತೋರುಬೆರಳಿನ ಮೇಲಿಟ್ಟು ತೂಕ ಎಲ್ಲಿ ನಿಲ್ಲುತ್ತದೆ ಎಂದು ಅಳೆಯುತ್ತಾರೆ. ಸಹಾಯಕ್ಕೆ ಬಂದ ಹುಡುಗನಿಗೆ ಅವರೇ ಪಾಠ ಹೇಳುತ್ತಾರೆ: ಎರಡನೇ ಮಹಾಯುದ್ಧ ಮುಗಿದ ಮೇಲೆ ಫೈಬರ್‌ಗ್ಲಾಸ್ ಬಂದು ಬಿದಿರಿನ ಕೋಲುಗಳನ್ನು ಓಡಿಸಿತು, 1970ರ ದಶಕದಲ್ಲಿ ಗ್ರಾಫೈಟ್ ಬಂದು ಫೈಬರ್‌ಗ್ಲಾಸನ್ನು ಹಿಂದಕ್ಕೆ ತಳ್ಳಿತು, ಕ್ರ್ಯಾಂಕ್‌ಬೇಟ್ ಎಸೆದೇ 1993ರ ಬಾಸ್‌ಮಾಸ್ಟರ್ ಕ್ಲಾಸಿಕ್ ಗೆದ್ದ ಡೇವಿಡ್ ಫ್ರಿಟ್ಸ್, ನಾಲ್ಕು ಸಲ ಅದೇ ಪಂದ್ಯ ಗೆದ್ದ ರಿಕ್ ಕ್ಲನ್ ಇಂಥವರು ಫೈಬರ್‌ಗ್ಲಾಸಿನ ಕೈ ಬಿಡಲಿಲ್ಲ, ಈಗ ಎರಡನ್ನೂ ಬೆರೆಸಿದ ಕಾಂಪೊಸಿಟ್ ಬಂದಿದೆ. ಹುಡುಗ ತಲೆಯಾಡಿಸುತ್ತ ಹಿಂದೆ ಹಿಂದೆ ಸರಿದು ಟೆಂಟುಗಳ ವಿಭಾಗದಲ್ಲಿ ಕಣ್ಮರೆಯಾಗುತ್ತಾನೆ.

ಕೊನೆಗೆ ಬಂದದ್ದು ಕಾಂಪೊಸಿಟ್. ಆರು ಅಡಿ ಹತ್ತು ಅಂಗುಲ, ಕಾರ್ಕಿನ ಹಿಡಿ. ತೀರ್ಥಹಳ್ಳಿ ಕಡೆಯ ಊರಿನಲ್ಲಿರುವ ಅಮ್ಮನಿಗೆ ಅಂದೇ ವಿಡಿಯೋ ಕರೆ ಹೋಯಿತು. ಮೊದಲ ಮಳೆಗೆ ಗದ್ದೆ ಅಂಚಿನಲ್ಲಿ ಹತ್ತುಮೀನು ಹಿಡಿದು ತಂದವರ ಮನೆಯಲ್ಲಿ ಹುಟ್ಟಿ ಬೆಳೆದ ಹೆಂಗಸು. ಕೋಲು ಬಳುಕುವುದನ್ನು ನೋಡಿ, "ಅಡಿಕೆ ಕೊನೆ ತೆಗೆಯೋ ದೋಟಿ ಇದ್ದಂಗಿದೆಯಲ್ಲೋ" ಎಂದರು. ಮಗ ಪವರ್, ಆಕ್ಷನ್ ಎರಡನ್ನೂ ವಿವರಿಸಿದ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅದಿರ್ಲಿ, ಹಿಡಿದ ಮೀನು ಸಾರಿಗೆ ಹಾಕ್ತೀರೋ, ಹುರೀತೀರೋ?" ಎಂದು ಕೇಳಿದರು.

"ಅದು ಹಾಗಲ್ಲಮ್ಮ. ಲೇಕ್ ಫೋರ್ಕ್ ಕೆರೇಲಿ ಹದಿನಾರರಿಂದ ಇಪ್ಪತ್ತನಾಲ್ಕು ಅಂಗುಲದ ಬಾಸ್ ಸಿಕ್ರೆ ವಾಪಸ್ ಬಿಡ್ಬೇಕು. ಸರ್ಕಾರದ ಕಾನೂನು."

"ಮತ್ತೆ ಸಣ್ಣದು ಸಿಕ್ರೆ?"

"ಸಣ್ಣದನ್ನ ನಾವೇ ಬಿಡ್ತೀವಿ."

"ದೊಡ್ಡದು?"

"ದೊಡ್ಡದು ಸಿಕ್ಕಿಲ್ಲ."

ಅಮ್ಮ ಒಂದು ಗಳಿಗೆ ಸುಮ್ಮನಿದ್ದು, ಸೊಸೆಗೆ ಫೋನ್ ಕೊಡುವಂತೆ ಹೇಳಿದರು.

ಫೆಬ್ರವರಿಯ ಒಂದು ಬೆಳಗ್ಗೆ ಕೋಲಿನ ಪ್ರತಿಷ್ಠಾಪನೆಗೆ ನನ್ನನ್ನೂ ಲೇಕ್ ಫೋರ್ಕಿಗೆ ಕರೆದುಕೊಂಡು ಹೋದರು. ಬಾಡಿಗೆ ದೋಣಿ, ಮೈ ಕೊರೆಯುವ ಗಾಳಿ. ಟೆಕ್ಸಸ್ಸಿನಲ್ಲಿ ಈ ಕಾಲಕ್ಕೆ ಸಿಗಡಿಯ ನಂಟ ಕ್ರಾಫಿಷ್ ಬಣ್ಣದ್ದೇ ಆಗಬೇಕೆಂದು ಕೆಂಪು ಸ್ಕ್ವೇರ್‌ಬಿಲ್ ಕಟ್ಟಿದರು. ಬೊಡ್ಡೆಯ ಪಕ್ಕಕ್ಕೆ ಎಸೆದರು. ನಿಜ ಹೇಳಬೇಕು, ಅಚ್ಚುಕಟ್ಟಾಗಿ ಬಿತ್ತು. ನಿಧಾನವಾಗಿ ಸುತ್ತಿದರು. ಲೂರ್ ಮರಕ್ಕೆ ಬಡಿದದ್ದು ಕೋಲಿನಲ್ಲಿ ಕಂಡಿತು, ಅದರ ಬೆನ್ನಿಗೇ ಕೋಲು ಭಾರವಾಗಿ ಬಾಗಿತು. ಕೋಲು ತನ್ನ ಕೆಲಸ ಮಾಡುತ್ತಿತ್ತು, ಮೀನೂ ತನ್ನ ಕೆಲಸ ಮಾಡುತ್ತಿತ್ತು. ರಾಡಪ್ಪನವರು ಮಾತ್ರ "ಬಂತೂ!" ಎಂದು ಕೂಗಿ ಎರಡೂ ಕೈಯಿಂದ ಆಕಾಶಕ್ಕೆ ಎಳೆದರು. ಆರು ಮುಳ್ಳಿನ ಆ ಕೆಂಪು ವಸ್ತು ನನ್ನ ಟೋಪಿಯನ್ನು ಸವರಿಕೊಂಡು ಹಿಂದಿನ ಮರದಲ್ಲಿ ನೆಟ್ಟಿತು.

ನಾನು ಟೋಪಿ ಸರಿಮಾಡಿಕೊಳ್ಳುವಷ್ಟರಲ್ಲಿ ತೀರ್ಪು ಸಿದ್ಧವಾಗಿತ್ತು. "ನೋಡಿದ್ರಾ? ಕಾಂಪೊಸಿಟ್ ಇನ್ನೂ ಸ್ವಲ್ಪ ಫಾಸ್ಟ್ ಆಯ್ತು. ಪೂರ್ತಿ ಫೈಬರ್‌ಗ್ಲಾಸೇ ತಗೋಬೇಕಿತ್ತು."

ಇದೇ ಕೆರೆಯಲ್ಲಿ 1992ರ ಜನವರಿಯಲ್ಲಿ ಸಿಕ್ಕ 18.18 ಪೌಂಡಿನ ಬಾಸ್ ಇವತ್ತಿಗೂ ಟೆಕ್ಸಸ್ಸಿನ ದಾಖಲೆ. ಅದನ್ನು ಹಿಡಿದ ಬ್ಯಾರಿ ಸೇಂಟ್ ಕ್ಲೇರ್ ಅಂದು ಬಾಸ್ ಹಿಡಿಯಲು ಬಂದವರೇ ಅಲ್ಲ. ಕ್ರ್ಯಾಪಿ ಎಂಬ ಪುಟ್ಟ ಮೀನಿಗಾಗಿ ಜೀವಂತ ಮೀನುಮರಿ ಕಟ್ಟಿ ಕೂತಿದ್ದರು. ದಡಕ್ಕೆ ಬರುವ ದಾರಿಯಲ್ಲಿ ಇದನ್ನು ನೆನಪಿಸಿದೆ. "ಅದೃಷ್ಟದ ವಿಷಯ ಬೇರೆ, ನಾವು ಮಾತಾಡ್ತಿರೋದು ವಿಜ್ಞಾನ" ಎಂದರು.

ಮನೆ ಮುಟ್ಟಿದ ಮೇಲೆ, ಕಾಫಿ ಬರುವಷ್ಟರಲ್ಲಿ, ಇನ್ನೊಂದು ಪ್ರಯತ್ನ ಮಾಡಿದೆ. 1932ರ ಜೂನ್ 2ರಂದು ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬ ಬಡ ರೈತ 22 ಪೌಂಡ್ 4 ಔನ್ಸಿನ ಬಾಸ್ ಹಿಡಿದ ಕಥೆ ಹೇಳಿದೆ. ಮಳೆಯಿಂದ ಹೊಲದ ಕೆಲಸ ನಿಂತಿದ್ದ ದಿನ; ಅವನಿಗೂ ಗೆಳೆಯನಿಗೂ ಸೇರಿ ಒಂದೇ ಕೋಲು, ಸರದಿಯ ಮೇಲೆ ಎಸೆಯುತ್ತಿದ್ದರಂತೆ; ಜಗತ್ತಿನ ದಾಖಲೆಯ ಆ ಮೀನನ್ನು ಮನೆಮಂದಿಯೆಲ್ಲ ಸೇರಿ ತಿಂದು ಮುಗಿಸಿದರಂತೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ ಎಂಬವರು ಸರಿಸಮ ಮಾಡುವ ತನಕ ಎಪ್ಪತ್ತೇಳು ವರ್ಷ ಆ ದಾಖಲೆಯನ್ನು ಮುಟ್ಟಿದವರು ಇರಲಿಲ್ಲ.

ರಾಡಪ್ಪನವರು ಕಾಫಿ ಲೋಟ ಕೆಳಗಿಟ್ಟರು. ಮುಖದಲ್ಲಿ ಎಂದೂ ಕಾಣದ ಶಾಂತಿ. ಮಾತು ನಾಟಿತು ಎಂದುಕೊಂಡೆ.

"ಒಂದೇ ಕೋಲು," ಎಂದರು ಮೆಲ್ಲಗೆ. "ಇಬ್ಬರಿಗೂ ಒಂದೇ ಕೋಲು. 1932 ಅಂದ್ರೆ ಗ್ರಾಫೈಟೂ ಇಲ್ಲ, ಫೈಬರ್‌ಗ್ಲಾಸೂ ಇಲ್ಲ. ಹಾಗಾದ್ರೆ ಅದರ ಆಕ್ಷನ್ ಏನಿದ್ದಿರಬಹುದು?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು: "ಹಳೇದೂ ಒಂದು ಬೇಕು ಅಂತಿದಾರೆ. ನೀವು ಹೋಗೋವಾಗ ಆ ಕಥೇನೂ ಜೊತೇಲೇ ತಗೊಂಡು ಹೋಗಿ."